ಪಾಸ್‌ವರ್ಡ್ ಬದಲಾಯಿಸುವ ಮೊದಲು

ಭಾನುವಾರ ಬೆಳಿಗ್ಗೆ 10 ಗಂಟೆಗೆ ಕೋಚಿಂಗಿನವರ ಆನ್‌ಲೈನ್ ಟೆಸ್ಟ್. ನೀಟ್ ಮಾದರಿಯದ್ದು, 180 ಪ್ರಶ್ನೆ, 180 ನಿಮಿಷ. ಶುರುವಿನಿಂದಲೇ ಪುಟಗಳು ತೂಕಡಿಸುತ್ತಾ ತೆರೆಯುತ್ತಿದ್ದವು. ಹೇಗೋ ಫಿಸಿಕ್ಸ್ ಮುಗಿಸಿ ಕೆಮಿಸ್ಟ್ರಿಗೆ ಬಂದೆ. 61ನೇ ಪ್ರಶ್ನೆ ತೆರೆಯಲೇ ಇಲ್ಲ. ಪರದೆಯ ನಡುವೆ ಬಿಳಿ ವೃತ್ತ ತಿರುಗತೊಡಗಿತು. ಪ್ರಶ್ನೆ ನಿಂತರೂ ಗಡಿಯಾರ ನಿಲ್ಲುವುದಿಲ್ಲ, ಅದು ಅವರ ಸರ್ವರಿನಲ್ಲಿ ಓಡುತ್ತಿರುತ್ತದೆ. ಹನ್ನೆರಡು ನಿಮಿಷ ಹೋಯಿತು. ಅಷ್ಟು ಹೊತ್ತೂ ನಾನು ಪರದೆಯನ್ನು ನೋಡಲಿಲ್ಲ, ಕಿಟಕಿ ಬದಿಯ ಮಂಚವನ್ನು ನೋಡುತ್ತಿದ್ದೆ. ಅಲ್ಲಿ ನನ್ನ ರೂಮ್‌ಮೇಟ್ ಮುಸುಕು ಹೊದ್ದು ಮಲಗಿದ್ದ. ಮಂಚದ ಕೆಳಗೆ ಅವನ ಲ್ಯಾಪ್‌ಟಾಪ್ ತೆರೆದೇ ಇತ್ತು, ಅದರ ನೀಲಿ ದೀಪ ಮಿನುಗುತ್ತಿತ್ತು.

ಟೆಸ್ಟ್ ಮುಗಿದ ಮೇಲೆ ನಾನು ಅವನಿಗೆ ಏನೆಲ್ಲ ಹೇಳಿದೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಬರೆದರೂ ಸಂಪಾದಕ ಮಂಡಳಿಯವರು ತೆಗೆದುಹಾಕುತ್ತಾರೆ. ಒಟ್ಟು ಸಾರಾಂಶ ಇಷ್ಟು: ನೀನು ರಾತ್ರಿಯಿಡೀ ಸಿನೆಮಾ ಡೌನ್‌ಲೋಡ್ ಮಾಡುತ್ತೀಯಾ, ನಮ್ಮ ನೆಟ್ ತಿನ್ನುತ್ತೀಯಾ, ನಿನಗೆ ಓದು ಬೇಡದಿದ್ದರೆ ಓದುವವರಿಗಾದರೂ ಬಿಡು. ಅವನು ಎದ್ದು ಕುಳಿತು, "ಆಯ್ತು ಮಾರಾಯ, ಸಾರಿ" ಎಂದಷ್ಟೇ ಹೇಳಿ ಲ್ಯಾಪ್‌ಟಾಪ್ ಮುಚ್ಚಿದ. ಆ ಮೌನವನ್ನು ನಾನು ತಪ್ಪೊಪ್ಪಿಗೆ ಎಂದುಕೊಂಡೆ.

ನಮ್ಮ ಕಾಲೇಜಿನಲ್ಲಿ ಬಸ್ಸಿನಲ್ಲಿ ಬಂದು ಹೋಗುವವರಿಗೆ ಈ ಜಗಳದ ರುಚಿ ಗೊತ್ತಿರಲಿಕ್ಕಿಲ್ಲ. ಹಾಸ್ಟೆಲ್‌ನಲ್ಲೋ ಬಾಡಿಗೆ ರೂಮಿನಲ್ಲೋ ಇರುವವರಿಗೆ ವಿವರಿಸಬೇಕಿಲ್ಲ. ನಾವು ನಾಲ್ವರು ಒಂದು ಹಳೇ ಮನೆಯ ಹಿಂಬದಿಯ ಎರಡು ಕೋಣೆಗಳಲ್ಲಿದ್ದೇವೆ. ಅಕ್ಕಿ, ಗ್ಯಾಸ್, ಮೀನು, ಬಾತ್‌ರೂಮ್, ಇಸ್ತ್ರಿಪೆಟ್ಟಿಗೆ ಎಲ್ಲವೂ ಪಾಲು. ಇದರಲ್ಲಿ ಯಾವುದಕ್ಕೂ ನಾವು ದೊಡ್ಡದಾಗಿ ಜಗಳವಾಡಿದ್ದಿಲ್ಲ. ಮೀನಿನ ದೊಡ್ಡ ತುಂಡು ಯಾರಿಗೆ ಎಂಬುದು ಎಲ್ಲರ ಕಣ್ಣೆದುರೇ ತೀರ್ಮಾನವಾಗುತ್ತದೆ. ನೆಟ್ ಹಾಗಲ್ಲ. ಯಾರು ಎಷ್ಟು ತೆಗೆದುಕೊಂಡರು ಎಂಬುದು ಕಾಣುವುದಿಲ್ಲ. ಕಾಣದಿರುವ ಕಡೆ ಅನುಮಾನ ಹುಟ್ಟುತ್ತದೆ, ಅನುಮಾನ ಹುಟ್ಟಿದ ಮೇಲೆ ಮಂಚದ ಕೆಳಗಿನ ನೀಲಿ ದೀಪವೇ ಸಾಕ್ಷಿಯಾಗುತ್ತದೆ.

ಕ್ಲಾಸಿನಲ್ಲಿ ಇದನ್ನು ಹೇಳಿಕೊಂಡಾಗ ಸಲಹೆಗಳಿಗೆ ಬರವಿರಲಿಲ್ಲ. ಒಬ್ಬ ಪಾಸ್‌ವರ್ಡ್ ಬದಲಾಯಿಸು ಎಂದ. ಇನ್ನೊಬ್ಬ ಇದಕ್ಕೆಂದೇ ಒಂದು ಆ್ಯಪ್ ಇದೆ, ಒಂದೇ ವೈಫೈನಲ್ಲಿರುವ ಯಾರ ನೆಟ್ಟನ್ನು ಬೇಕಾದರೂ ಅವರಿಗೇ ಗೊತ್ತಾಗದಂತೆ ಕತ್ತರಿಸಬಹುದು ಎಂದು ಫೋನ್ ತೆಗೆದು ತೋರಿಸಿಯೇ ಬಿಟ್ಟ. ಈ ಆ್ಯಪ್‌ಗಳು ಮಾಡುವುದೇನೆಂದರೆ, "ನಾನೇ ರೂಟರ್" ಎಂದು ಆ ಫೋನಿಗೆ ಸುಳ್ಳು ಹೇಳುವುದು. ಪಾಪದ ಫೋನ್ ನಂಬಿ ತನ್ನ ದತ್ತಾಂಶವನ್ನೆಲ್ಲ ಈ ಸುಳ್ಳುಗಾರನಿಗೆ ಕೊಡುತ್ತದೆ, ಅವನು ಅದನ್ನು ಮುಂದಕ್ಕೆ ಕಳಿಸದೆ ಎಸೆಯುತ್ತಾನೆ. ಇದನ್ನು ನಮ್ಮವರು ತಮಾಷೆ ಎಂದುಕೊಂಡಿದ್ದಾರೆ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ ತೆಗೆದು ನೋಡಿ. ಬಳಸಲು ಹಕ್ಕಿರುವವನಿಗೆ ನೆಟ್‌ವರ್ಕ್ ಸಿಗದಂತೆ ತಡೆಯುವುದು ಅಲ್ಲಿನ ತಪ್ಪುಗಳ ಪಟ್ಟಿಯಲ್ಲಿದೆ. ಅದನ್ನೇ ಅಪ್ರಾಮಾಣಿಕ ಉದ್ದೇಶದಿಂದ ಮಾಡಿದರೆ 66ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ರೂಮ್‌ಮೇಟಿನ ಮೇಲೆ ಯಾರೂ ಠಾಣೆಗೆ ಹೋಗುವುದಿಲ್ಲ, ಅದು ಬೇರೆ ಮಾತು. ಆದರೂ ತಿಂಗಳ ಪಾಲು ಕೊಟ್ಟವನ ನೆಟ್ ಕತ್ತರಿಸುವುದಕ್ಕೂ, ಅವನು ಮಲಗಿದ ಮೇಲೆ ಅವನ ಪಾಲಿನ ಮೀನು ತಿನ್ನುವುದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಹೀಗೆ ಹೇಳುವ ನಾನು ಆ ಆ್ಯಪ್ ಹಾಕಲಿಲ್ಲ. ಪಾಸ್‌ವರ್ಡ್ ಬದಲಾಯಿಸಿದೆ. ಉಳಿದಿಬ್ಬರಿಗೆ ಹೊಸದನ್ನು ಹೇಳಿದೆ, ಅವನಿಗೆ ಹೇಳಲಿಲ್ಲ. ಕನೆಕ್ಷನ್ ನನ್ನ ಹೆಸರಿನಲ್ಲಿದ್ದ ಕಾರಣ ನನಗೆ ಅದು ಹಕ್ಕು ಎಂದೇ ತೋರಿತ್ತು.

ಅವನು ಬುಧವಾರ ರಾತ್ರಿ ಎರಡು ಸಲ ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದ. "ನಿಮಗೆ ನೆಟ್ ಬರ್ತಾ ಇದೆಯಾ?" ಎಂದು ಕೇಳಿದ. ನಾನು ಪುಸ್ತಕದಿಂದ ತಲೆ ಎತ್ತದೆ "ಸ್ವಲ್ಪ ಸ್ವಲ್ಪ ಬರ್ತದೆ" ಎಂದೆ. ಅವನು ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡು ಹನ್ನೊಂದು ಗಂಟೆಗೆ ಹೊರಗೆ ಹೋದ. ಎಲ್ಲಿಗೆ ಎಂದು ನಾವು ಮೂವರಲ್ಲಿ ಯಾರೂ ಕೇಳಲಿಲ್ಲ. ಫಜ್ರ್‌ಗೆ ಎದ್ದಾಗ ಅವನು ಚಪ್ಪಲಿ ಕಳಚುತ್ತಿದ್ದ.

ಶುಕ್ರವಾರ ಸಂಜೆ ನನ್ನ ಫೋನಿಗೆ ಅವನ ಉಮ್ಮನ ಕರೆ ಬಂತು. ಅವನ ಫೋನ್ ಸ್ವಿಚ್ ಆಫ್ ಆಗಿದ್ದರೆ ಅವರು ನನಗೆ ಮಾಡುವುದು ರೂಢಿ. "ಮೋನೇ, ಅವನು ಎರಡನೇ ಕಂತಿನ ಫೀಸು ಕಟ್ಟಿದನಾ? ಈ ಸಲ ಮದುವೆಯ ವಿಡಿಯೋದ ಹಣ ಕಮ್ಮಿ ಬಂತು ಅಂತ ಹೇಳ್ತಾ ಇದ್ದ. ಎಷ್ಟು ಕಮ್ಮಿ ಅಂತ ನನಗೆ ಹೇಳುವುದಿಲ್ಲ ಅವನು. ನಿನಗಾದರೂ ಹೇಳಿದನಾ?"

ನನಗೆ ಏನೂ ಹೇಳಿರಲಿಲ್ಲ. ಅವರೇ ಹೇಳಿದ ಮೇಲೆ ತಿಳಿದದ್ದು ಇಷ್ಟು. ಅವನ ಉಪ್ಪ ಗಲ್ಫಿನಿಂದ ವಾಪಸ್ಸು ಬಂದು ಒಂದು ವರ್ಷವಾಗಿದೆ. ಊರಿನ ಒಂದು ಸ್ಟುಡಿಯೋದವರು ಮದುವೆಯ ವಿಡಿಯೋಗಳನ್ನು ಇವನಿಗೆ ಎಡಿಟ್ ಮಾಡಲು ಕೊಡುತ್ತಾರೆ. ಶನಿವಾರ ಊರಿಗೆ ಹೋದಾಗ ಹಾರ್ಡ್‌ಡಿಸ್ಕಿನಲ್ಲಿ ತರುತ್ತಾನೆ, ವಾರವಿಡೀ ಕತ್ತರಿಸಿ ಜೋಡಿಸಿ ಮುಗಿದದ್ದನ್ನು ನೆಟ್‌ನಲ್ಲಿ ಕಳಿಸುತ್ತಾನೆ. ಆ ವಾರದ್ದು ಗುರುವಾರ ಬೆಳಿಗ್ಗೆಗೆ ತಲುಪಬೇಕಿತ್ತು. ತಲುಪಲಿಲ್ಲ. ಅವನ ಸಿಮ್‌ನಲ್ಲಿ ದಿನಕ್ಕೆ ಒಂದೂವರೆ ಜಿಬಿ, ವಿಡಿಯೋ 14 ಜಿಬಿ. ಅಂದು ರಾತ್ರಿ ಅವನು ಬಸ್‌ಸ್ಟ್ಯಾಂಡ್ ಹತ್ತಿರ ಪರಿಚಯದವರ ಅಂಗಡಿಯ ವೈಫೈ ಹುಡುಕಿಕೊಂಡು ಹೋಗಿ ಅರ್ಧ ಮಾತ್ರ ಕಳಿಸಿ ಬಂದಿದ್ದ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಅವನ ಕಷ್ಟ ಕೇಳಿದ ತಕ್ಷಣ ತಪ್ಪೆಲ್ಲ ನನ್ನದು ಎಂದು ಬರೆದರೆ ಓದುವವರಿಗೆ ಹಿತವಾಗಿರಬಹುದು, ಅದು ನಿಜವಲ್ಲ. ಅವನ ಫೀಸು ನಿಜ, ನನ್ನ ಟೆಸ್ಟೂ ನಿಜ. ನಾಲ್ಕು ಜನರ ಲೈನಿನಲ್ಲಿ 14 ಜಿಬಿ ಕಳಿಸುವವನು ಉಳಿದ ಮೂವರಿಗೆ ಒಂದು ಮಾತು ಹೇಳಬೇಕಿತ್ತು. ನಾಚಿಕೆಯಿಂದ ಹೇಳಲಿಲ್ಲ ಎಂದು ಆಮೇಲೆ ಅವನೇ ಹೇಳಿದ. ಕೆಲಸ ಮಾಡಿ ಓದುವುದರಲ್ಲಿ ಯಾವ ನಾಚಿಕೆ ಎಂದು ನಾವು ಭಾಷಣ ಸ್ಪರ್ಧೆಯಲ್ಲಿ ಹೇಳುತ್ತೇವೆ, ರೂಮಿನಲ್ಲಿ ಒಬ್ಬ ಹಾಗೆ ಮಾಡುತ್ತಿದ್ದರೆ "ಏನು, ಕ್ಯಾಮೆರಾಮ್ಯಾನ್?" ಎಂದು ತಮಾಷೆಯನ್ನೂ ಮಾಡುತ್ತೇವೆ. ಅವನು ಮುಚ್ಚಿಟ್ಟದ್ದರಲ್ಲಿ ನಮ್ಮ ಪಾಲೂ ಇದೆ.

ಇನ್ನು ನಾನು ಅವನ ಮೇಲೆ ಹೊರಿಸಿದ ಆರೋಪದ ವಿಷಯ. ಅದು ಲೆಕ್ಕಕ್ಕೇ ನಿಲ್ಲುವುದಿಲ್ಲ. ನಾನು ವಿಜ್ಞಾನ ವಿಭಾಗದವನು, ಬಾಯಿ ಬಿಡುವ ಮೊದಲು ಈ ಲೆಕ್ಕವನ್ನು ಮಾಡಬೇಕಿತ್ತು. ನಮ್ಮದು ಸ್ಥಳೀಯ ಕೇಬಲ್‌ನವರ 40 ಎಂಬಿಪಿಎಸ್ ಪ್ಲಾನ್. ಇಲ್ಲಿ ಬಿ ಎಂದರೆ ಬಿಟ್, ಬೈಟ್ ಅಲ್ಲ. 8 ಬಿಟ್‌ಗೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ ಸಿಗುವುದು ಹೆಚ್ಚೆಂದರೆ 5 ಮೆಗಾಬೈಟ್. ಅಷ್ಟಾದರೂ ಕಡಿಮೆಯಲ್ಲ. 1080ಪಿ ಗುಣಮಟ್ಟದ ಒಂದು ಸಿನೆಮಾ ನೋಡಲು ಸುಮಾರು 5 ಎಂಬಿಪಿಎಸ್ ಸಾಕು. ನಾಲ್ವರೂ ಬೇರೆ ಬೇರೆ ಸಿನೆಮಾ ನೋಡುತ್ತಾ ಕುಳಿತರೂ 20 ದಾಟುವುದಿಲ್ಲ. ಒಬ್ಬ ಸಿನೆಮಾ ನೋಡಿದ್ದರಿಂದ ನನ್ನ ಟೆಸ್ಟ್ ನಿಂತಿತು ಎನ್ನುವುದು ಹಾಗಾಗಿ ಹುರುಳಿಲ್ಲದ ಮಾತು.

ನಿಲ್ಲಿಸಿದ್ದು ಅಪ್‌ಲೋಡ್. 40 ಎನ್ನುವುದು ಕೆಳಗಿಳಿಯುವ ವೇಗ, ಮೇಲೇರುವ ವೇಗ ನಮ್ಮ ಪ್ಲಾನಿನಲ್ಲಿ 10 ಮಾತ್ರ. ರಸೀದಿಯಲ್ಲಿ ಇದೂ ಬರೆದಿರುತ್ತದೆ, ಯಾರೂ ಓದುವುದಿಲ್ಲ. ಆ 10ರಲ್ಲಿ 14 ಜಿಬಿ ಕಳಿಸಲು ಮೂರು ಗಂಟೆಯ ಮೇಲೆ ಬೇಕು. ಅಷ್ಟು ಹೊತ್ತು ಮೇಲೇರುವ ದಾರಿ ಪೂರ್ತಿ ಕಟ್ಟಿಹೋಗಿರುತ್ತದೆ. ನಾನು ಡೌನ್‌ಲೋಡ್ ತಾನೇ ಮಾಡುವುದು, ನನಗೇನು ಎಂದು ಕೇಳಬಹುದು. ನಾವು ಒಂದು ಪುಟ ಇಳಿಸಿಕೊಳ್ಳುವಾಗ ನಮ್ಮ ಯಂತ್ರ ಆಗಾಗ "ಇಷ್ಟು ಬಂತು, ಮುಂದಿನದ್ದು ಕಳಿಸು" ಎಂದು ಸಣ್ಣ ಸಣ್ಣ ರಸೀದಿಗಳನ್ನು ಮೇಲಕ್ಕೆ ಕಳಿಸುತ್ತಿರಬೇಕು. ಆ ರಸೀದಿಗಳು ಮದುವೆ ವಿಡಿಯೋದ ಹಿಂದೆ, ರೂಟರಿನೊಳಗಿನ ಸರತಿಯಲ್ಲಿ ಸಿಕ್ಕಿಬಿದ್ದರೆ ಆ ಕಡೆಯವರು ಕಾಯುತ್ತಾ ಕುಳಿತುಬಿಡುತ್ತಾರೆ. 40ರ ಹೆದ್ದಾರಿ ಖಾಲಿ ಬಿದ್ದಿದ್ದರೂ ನಮಗೆ ಬಿಳಿ ವೃತ್ತವೇ ಗತಿ.

ಅವನು ಸಾಮಾನ್ಯವಾಗಿ ರಾತ್ರಿ ನಾವು ಮಲಗಿದ ಮೇಲೆಯೇ ಕಳಿಸುತ್ತಿದ್ದ. ಆ ಶನಿವಾರ ರಾತ್ರಿ ಕರೆಂಟ್ ಹೋಗಿತ್ತು, ಹಾಗಾಗಿ ಭಾನುವಾರ ಬೆಳಿಗ್ಗೆ 7ಕ್ಕೆ ಶುರು ಮಾಡಿ ಮಲಗಿದ್ದ. ಇಷ್ಟರಲ್ಲೇ ವಿಷಯ ಮುಗಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಅವನ ಉಮ್ಮನ ಕರೆ ಬಂದ ರಾತ್ರಿ ನನ್ನ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯಾವ ಆ್ಯಪ್ ಎಷ್ಟು ವೈಫೈ ತಿಂದಿದೆ ಎಂದು ನೋಡಿದೆ. ಎಲ್ಲಕ್ಕಿಂತ ಮೇಲೆ ಗೂಗಲ್ ಫೋಟೋಸ್ ಇತ್ತು. ಆ ಶನಿವಾರ ನಾನು ಮಾಮನ ಮಗಳ ಮದುವೆಗೆ ಹೋಗಿ ಮುನ್ನೂರು ಚಿಲ್ಲರೆ ಫೋಟೋ, ಒಂದಿಷ್ಟು ವಿಡಿಯೋ ತೆಗೆದಿದ್ದೆ. ಭಾನುವಾರ ಟೆಸ್ಟಿಗೆ ಕೂರುವ ಮೊದಲು ಫೋನನ್ನು ಚಾರ್ಜಿಗಿಟ್ಟು ಕೂತಿದ್ದೆ. ಅದು ತನ್ನ ಪಾಡಿಗೆ ತಾನು ಬ್ಯಾಕಪ್ ಮಾಡುತ್ತಿತ್ತು. ಒಂದು ಮಂಚದಿಂದ ಒಂದು ಮದುವೆ, ಇನ್ನೊಂದು ಮಂಚದಿಂದ ಮತ್ತೊಂದು ಮದುವೆ, ಒಂದೇ 10ರ ದಾರಿಯಲ್ಲಿ ಮೆರವಣಿಗೆ ಹೊರಟಿದ್ದವು. ನನ್ನ 61ನೇ ಪ್ರಶ್ನೆಯನ್ನು ಯಾವ ಮದುವೆ ತಡೆಯಿತು ಎಂದು ನಾನು ಈಗಲೂ ಪ್ರಮಾಣ ಮಾಡಿ ಹೇಳಲಾರೆ. ಅವನ ಮದುವೆಗೆ ಸಂಬಳವಾದರೂ ಇತ್ತು.

ನೆಟ್ ನಿಧಾನ ಮಾಡುವವನಿಗೆ ತಾನು ನಿಧಾನ ಮಾಡುತ್ತಿದ್ದೇನೆ ಎಂಬುದೇ ಗೊತ್ತಿರದ ಸಂದರ್ಭಗಳೂ ಇವೆ. ನಮ್ಮ ನಾಲ್ಕನೆಯವನು ಸಿಟೌಟ್‌ನಲ್ಲಿ ಕುಳಿತು ಓದುವವನು. ರೂಟರ್ ಒಳಕೋಣೆಯ ಕಬ್ಬಿಣದ ಕಪಾಟಿನ ಮೇಲಿತ್ತು. ನಡುವೆ ಎರಡು ಕೆಂಪು ಕಲ್ಲಿನ ಗೋಡೆ. ದೂರದ ಫೋನಿಗೆ ಸಿಗ್ನಲ್ ಕ್ಷೀಣವಾಗಿದ್ದರೆ ರೂಟರ್ ಅದರ ಜೊತೆ ತೀರಾ ನಿಧಾನವಾಗಿ ಮಾತಾಡಬೇಕಾಗುತ್ತದೆ, ಕಿವಿ ಕೇಳದ ಅಜ್ಜನಿಗೆ ಒಂದೊಂದೇ ಪದ ಬಿಡಿಸಿ ಹೇಳಿದ ಹಾಗೆ. ಆ ಹೊತ್ತಿನಲ್ಲಿ ಉಳಿದವರೆಲ್ಲ ಕಾಯಬೇಕು, ಏಕೆಂದರೆ ಗಾಳಿಯಲ್ಲಿ ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರದ್ದೇ ಮಾತು. ಅವನು ನೋಡುತ್ತಿದ್ದದ್ದು ಬರೀ ಜೀವಶಾಸ್ತ್ರದ ಪಿಡಿಎಫ್. ರೂಟರನ್ನು ಕಪಾಟಿನಿಂದ ಇಳಿಸಿ ಎರಡು ಕೋಣೆಗಳ ನಡುವಿನ ಬಾಗಿಲ ಮೇಲೆ ಹಲಗೆ ಬಡಿದು ಇಟ್ಟೆವು. ಖರ್ಚು ನಾಲ್ಕು ಮೊಳೆ. ಅರ್ಧ ಜಗಳ ಅಲ್ಲಿಗೇ ಮುಗಿಯಿತು. ಹತ್ತಿರ ಕೂರುವವರು 5 ಗಿಗಾಹರ್ಟ್ಸ್‌ಗೆ ಹೋದರು, ಗೋಡೆ ದಾಟಬೇಕಾದ ಅವನು 2.4ರಲ್ಲೇ ಉಳಿದ. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಅಕ್ಕಪಕ್ಕದ ಮನೆಯವರೆಲ್ಲ 6ರಲ್ಲಿದ್ದರು, ನಾವು 11ಕ್ಕೆ ಹೋದೆವು.

ಉಳಿದ ಅರ್ಧಕ್ಕೆ ಕುಳಿತು ಮಾತಾಡಬೇಕಾಯಿತು. ಹೊಸ ಪಾಸ್‌ವರ್ಡ್ ನಾನೇ ಚೀಟಿಯಲ್ಲಿ ಬರೆದು ಅವನ ಕೈಗೆ ಕೊಟ್ಟೆ. ಯಾಕೆ ಬದಲಾಗಿತ್ತು ಎಂದೂ ಹೇಳಿದೆ. ಅವನು ಚೀಟಿ ನೋಡಿದ, ನನ್ನನ್ನು ನೋಡಿದ, "ನನ್ನ ಲ್ಯಾಪ್‌ಟಾಪ್ ಹಾಳಾಗಿದೆ ಅಂತ ಅಂಗಡಿಗೆ ಕೊಂಡುಹೋಗಿದ್ದೆ. ಚೆಕ್ ಮಾಡಲಿಕ್ಕೆ ಅಂತ ಇನ್ನೂರು ತೆಗೆದುಕೊಂಡ" ಎಂದ. ಆ ಇನ್ನೂರು ರೂಪಾಯಿಯನ್ನು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಎರಡು ದಿನ ನನ್ನ ಜೊತೆ ಊಟಕ್ಕೂ ಕೂರಲಿಲ್ಲ.

ಹಣದ ಹಂಚಿಕೆಯ ವಿಷಯದಲ್ಲಿ ನಮ್ಮಲ್ಲಿ ಇನ್ನೂ ಒಮ್ಮತವಿಲ್ಲ. ಪ್ಲಾನ್ 500 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 590. ತಲಾ 147 ರೂಪಾಯಿ 50 ಪೈಸೆ. ಹೆಚ್ಚು ಬಳಸುವವನು ಹೆಚ್ಚು ಕೊಡಲಿ ಎನ್ನುವುದು ಸಿಟೌಟ್‌ನವನ ವಾದ. ಕೇಳಲು ನ್ಯಾಯವಾಗಿಯೇ ಇದೆ. ನಾನು ಒಪ್ಪುವುದಿಲ್ಲ. ಜಿಬಿ ಎಣಿಸಲು ಹೊರಟರೆ ಪ್ರತಿ ದಿನ ಲೆಕ್ಕ, ಪ್ರತಿ ಲೆಕ್ಕಕ್ಕೆ ಒಂದು ಅನುಮಾನ. ಅಲ್ಲದೆ ರಾತ್ರಿ 2 ಗಂಟೆಗೆ, ಎಲ್ಲರೂ ಮಲಗಿರುವಾಗ ಹೋಗುವ 14 ಜಿಬಿಯಿಂದ ಯಾರಿಗೂ ನಷ್ಟವಿಲ್ಲ. ಬೆಳಿಗ್ಗೆ 11 ಗಂಟೆಗೆ ಹೋಗುವ ಒಂದು ಜಿಬಿ ಒಂದು ಟೆಸ್ಟನ್ನು ಮುಳುಗಿಸುತ್ತದೆ. ಎಷ್ಟು ಎನ್ನುವುದಕ್ಕಿಂತ ಯಾವಾಗ ಎನ್ನುವುದೇ ಮುಖ್ಯ. ಅದಕ್ಕೇ ನಾವು ಪಾಲನ್ನು ಸಮವಾಗಿಯೇ ಉಳಿಸಿಕೊಂಡು ಹೊತ್ತನ್ನು ಹಂಚಿಕೊಂಡೆವು. ಗೋಡೆಯಲ್ಲಿ ಜಮಾಅತಿನವರು ಕೊಟ್ಟ, ನಮಾಝಿನ ವೇಳಾಪಟ್ಟಿ ಇರುವ ಕ್ಯಾಲೆಂಡರ್ ಇದೆ. ಯಾರಿಗೆ ಟೆಸ್ಟ್, ಯಾರಿಗೆ ಅಪ್‌ಲೋಡ್ ಎಂಬುದನ್ನು ಅದರಲ್ಲೇ ಬರೆಯುತ್ತೇವೆ. ದೊಡ್ಡ ಕಡತಗಳು ರಾತ್ರಿ ಹನ್ನೊಂದೂವರೆಯಿಂದ ಫಜ್ರ್‌ವರೆಗೆ. ಕರೆಂಟ್ ಹೋಗಿ ಹಗಲಿನಲ್ಲಿ ಕಳಿಸಲೇಬೇಕಾದರೆ ರೂಟರಿನ ಪುಟದಲ್ಲಿ ಆ ಲ್ಯಾಪ್‌ಟಾಪಿನ ಅಪ್‌ಲೋಡಿಗೆ 6 ಎಂಬಿಪಿಎಸ್ ಮಿತಿ ಹಾಕುವುದು. ಈ ಸೌಲಭ್ಯ ಸಾಮಾನ್ಯ ರೂಟರುಗಳಲ್ಲೂ ಬಹಳಷ್ಟರಲ್ಲಿ ಇರುತ್ತದೆ. ಉಳಿದ 4 ನಮ್ಮ ರಸೀದಿಗಳಿಗೆ ಧಾರಾಳ ಸಾಕು. ಫೋಟೋ ಬ್ಯಾಕಪ್ ಎಲ್ಲರದ್ದೂ ಬಂದ್, ಬೇಕಾದವರು ರಾತ್ರಿ ಹಚ್ಚಿಕೊಳ್ಳಲಿ. ರೂಟರಿನ ಅಡ್ಮಿನ್ ಪಾಸ್‌ವರ್ಡ್ ಒಬ್ಬನ ತಲೆಯಲ್ಲಿ ಇರಬಾರದು ಎಂದು ನಾನೇ ಹಟ ಹಿಡಿದು ಅದನ್ನು ಹಲಗೆಯ ಹಿಂದೆ ಅಂಟಿಸಿದೆ. ನನ್ನ ಕೈಯಲ್ಲಿ ಅದು ಏನಾಗುತ್ತದೆ ಎಂದು ನೋಡಿಯಾಗಿತ್ತಲ್ಲ.

ರಮಝಾನಿಗೆ ಈ ಏರ್ಪಾಡು ಹೇಗೆ ನಡೆಯುತ್ತದೋ ನೋಡಬೇಕು. ತರಾವೀಹ್‌ನಿಂದ ಸಹ್ರಿಯವರೆಗೆ ನಾಲ್ವರೂ ಎಚ್ಚರವಿರುವ ತಿಂಗಳಲ್ಲಿ "ಎಲ್ಲರೂ ಮಲಗಿದ ಮೇಲೆ" ಎಂಬ ಹೊತ್ತೇ ಇರುವುದಿಲ್ಲ.

ಇದೇ ಜಗಳ ದೊಡ್ಡ ಪ್ರಮಾಣದಲ್ಲಿ ಹಾಸ್ಟೆಲ್‌ಗಳಲ್ಲಿ ನಡೆಯುತ್ತದೆ. ಅಲ್ಲಿ ನಾಲ್ಕು ಜನರಿಲ್ಲ, ನೂರು ಜನ. ಐದಾರು ಮಂದಿ ಲೈನನ್ನು ಹಿಂಡುತ್ತಾರೆ, ದೂರು ಹೋಗುತ್ತದೆ, ಎಲ್ಲರಿಗೂ ವೈಫೈ ಬಂದ್ ಆಗುತ್ತದೆ. ಹುಡುಗಿಯರ ಹಾಸ್ಟೆಲ್ ಆದರೆ ಫೋನೇ ಬಂದ್. ನಮ್ಮ ಪಕ್ಕದ ಕೇರಳದಲ್ಲಿ, ಕಲ್ಲಿಕೋಟೆಯ ಬಳಿಯ ಕಾಲೇಜೊಂದರ ಹುಡುಗಿಯರ ಹಾಸ್ಟೆಲ್‌ನಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಫೋನ್ ಮುಟ್ಟಬಾರದು ಎಂಬ ನಿಯಮ ಬಂದಾಗ ಫಹೀಮಾ ಶಿರಿನ್ ಎಂಬ ವಿದ್ಯಾರ್ಥಿನಿ ಒಪ್ಪಲಿಲ್ಲ. ಹಾಸ್ಟೆಲ್‌ನಿಂದ ಹೊರಹಾಕಿದರು. ಆಕೆ ಕೇರಳ ಹೈಕೋರ್ಟಿಗೆ ಹೋದರು. 2019ರ ಸೆಪ್ಟೆಂಬರ್‌ನಲ್ಲಿ ಕೋರ್ಟ್, ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ಹೇಳಿ ಆಕೆಯನ್ನು ಮತ್ತೆ ಸೇರಿಸಿಕೊಳ್ಳಲು ಆದೇಶಿಸಿತು. ಮರುವರ್ಷವೇ ಕೊರೊನಾ ಬಂದು ನಮ್ಮ ಜಿಲ್ಲೆಗಳ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ ಕೊಡೆ ಹಿಡಿದು ಪಾಠ ಕೇಳಿದರು. ಆಗ ಪ್ರಾಥಮಿಕ ಶಾಲೆಯಲ್ಲಿದ್ದ ನಮ್ಮಲ್ಲಿ ಹಲವರಿಗೆ ಆ ಮಳೆಗಾಲ ನೆನಪಿದೆ.

ಕೋರ್ಟಿನ ಮಾತನ್ನು ಹಿಡಿದುಕೊಂಡು "ನೆಟ್ ನನ್ನ ಹಕ್ಕು" ಎಂದು ರಾತ್ರಿಯಿಡೀ ಗೇಮ್ ಆಡುವವನೂ ಹೇಳುತ್ತಾನೆ, ನಮ್ಮ ರೂಮಿನಲ್ಲೇ ಒಬ್ಬ ಹೇಳಿದ. ಹಕ್ಕು ಹೌದು, ಪಕ್ಕದ ಮಂಚದವನಿಗೂ ಅದೇ ಹಕ್ಕು. ವಾರ್ಡನ್‌ಗಳಿಗೆ ನನ್ನ ವಿನಂತಿ ಇಷ್ಟೇ. ನಾಲ್ವರ ರೂಟರಿನಲ್ಲೇ ಒಬ್ಬೊಬ್ಬರಿಗೆ ಇಷ್ಟು ಎಂದು ಮಿತಿ ಹಾಕಲು ಸಾಧ್ಯವಿದೆ ಎಂದಾದರೆ ನೂರು ಜನರ ಹಾಸ್ಟೆಲಿನ ಉಪಕರಣದಲ್ಲಿ ಖಂಡಿತ ಸಾಧ್ಯವಿದೆ. ಹತ್ತು ಗಂಟೆಗೆ ಮುಖ್ಯ ಸ್ವಿಚ್ ಆರಿಸುವುದು ಸುಲಭ. ಆರಿಸಿದಾಗ ಗೇಮಿನವನೂ ಹೋಗುತ್ತಾನೆ, ದಮ್ಮಾಮಿನಲ್ಲಿ ಕೆಲಸ ಮುಗಿಸಿ ಬಂದ ಉಪ್ಪನ ಜೊತೆ ಆ ಹೊತ್ತಿಗೇ ಮಾತಾಡಬೇಕಾದವಳೂ ಹೋಗುತ್ತಾಳೆ.

ನನ್ನ ರೂಮ್‌ಮೇಟ್ ಎರಡನೇ ಕಂತು ಕಟ್ಟಿದ್ದಾನೆ, ಹನ್ನೊಂದು ದಿನ ತಡವಾಗಿ. ದಂಡ ಕಟ್ಟಬೇಕಾಯಿತೇ ಎಂದು ಕೇಳಿದರೆ ಮಾತು ಬದಲಾಯಿಸುತ್ತಾನೆ. ಮೂರನೇ ದಿನ ಊಟಕ್ಕೆ ಬಂದು ಕುಳಿತ, ಅದೂ ಬಂಗುಡೆ ಸಾರಿನ ದಿನವಾದ್ದರಿಂದ ಇರಬೇಕು. ಬರುವ ಭಾನುವಾರ ನನಗೆ ಮತ್ತೆ ಟೆಸ್ಟ್ ಇದೆ. ಕ್ಯಾಲೆಂಡರಿನ ಆ ಚೌಕದಲ್ಲಿ ನಾನು ಸಣ್ಣದಾಗಿ "10ರಿಂದ 1" ಎಂದು ಬರೆದಿದ್ದೆ. ನಿನ್ನೆ ನೋಡಿದರೆ ಅದರ ಕೆಳಗೆ ಅವನ ಅಕ್ಷರದಲ್ಲಿ ಇನ್ನೊಂದು ಸಾಲಿದೆ: "ಫೋನಿನ ಬ್ಯಾಕಪ್ ಆಫ್ ಮಾಡಲು ಮರೆಯಬೇಡ, ಮದುಮಗ."